ರಗ್ಬಿ: ಆಟಗಾರರಿಗೆ ಬರೆದಿಟ್ಟ ಪಾಲು, ಊರ ಕ್ಲಬ್ಬಿಗೆ ಉಳಿದಷ್ಟು

ಪ್ರಶ್ನೆ: ನಾನು ಆಕ್ಲೆಂಡ್‌ನಲ್ಲಿ ನೆಲೆಸಿರುವ ಕನ್ನಡಿಗ. ಮಗಳು ಇಲ್ಲಿನ ಕ್ಲಬ್ಬೊಂದರಲ್ಲಿ ರಗ್ಬಿ ಆಡುತ್ತಾಳೆ. ಈ ಸಲ ಕ್ಲಬ್ ಶುಲ್ಕ ಏರಿಸಿದಾಗ ಪೋಷಕರ ಸಭೆಯಲ್ಲಿ ಕೇಳಿಬಂದದ್ದು ಒಂದೇ ಮಾತು: ನ್ಯೂಜಿಲೆಂಡ್‌ನ ರಾಷ್ಟ್ರೀಯ ತಂಡವಾದ ಆಲ್ ಬ್ಲ್ಯಾಕ್ಸ್‌ನ ಆಟಗಾರರಿಗೆ ಲಕ್ಷಗಟ್ಟಲೆ ಡಾಲರ್ ಕೊಡುವವರಿಗೆ ಮಕ್ಕಳ ಮೈದಾನಕ್ಕೆ ಕೊಡಲು ಹಣವಿಲ್ಲವೇ? ಸಂಬಳ ಇಳಿಸಿದರೆ ಊರ ಕ್ಲಬ್‌ಗಳು ಚೇತರಿಸಿಕೊಳ್ಳುತ್ತವೆಯೇ?
(ಹೆಸರು ಪ್ರಕಟಿಸಬೇಡಿ ಎಂದಿರುವ ಓದುಗರು)

ಉತ್ತರ: ನಿಮ್ಮ ಸಭೆಯಲ್ಲಿದ್ದವರ ಸಿಟ್ಟು ನ್ಯಾಯವಾದದ್ದೇ, ಆದರೆ ಅದು ತಪ್ಪು ಬಾಗಿಲು ತಟ್ಟುತ್ತಿದೆ ಎಂದು ನನ್ನ ಅಭಿಪ್ರಾಯ. ನ್ಯೂಜಿಲೆಂಡ್ ರಗ್ಬಿ ಮಂಡಳಿಗೂ ಆಟಗಾರರ ಸಂಘಕ್ಕೂ ನಡುವೆ ಒಂದು ಸಾಮೂಹಿಕ ಒಪ್ಪಂದವಿದೆ. ವೃತ್ತಿಪರ ಆಟದಿಂದ ಹುಟ್ಟುವ ಆದಾಯದಲ್ಲಿ, ಎಂದರೆ ಪ್ರಸಾರ ಹಕ್ಕು, ಪ್ರಾಯೋಜಕತ್ವ ಮುಂತಾದ ಮೂಲಗಳಿಂದ ಬರುವ ಹಣದಲ್ಲಿ, ಶೇ 36ಕ್ಕಿಂತ ತುಸು ಹೆಚ್ಚಿನ ಪಾಲು ಆಟಗಾರರ ನಿಧಿಗೆ ಸಲ್ಲಬೇಕೆಂದು ಅದರಲ್ಲಿ ಬರೆದಿದೆ. ಆದಾಯ ಏರಿದರೆ ನಿಧಿಯೂ ಏರುತ್ತದೆ, ಇಳಿದರೆ ಇಳಿಯುತ್ತದೆ. ಆಲ್ ಬ್ಲ್ಯಾಕ್ಸ್ ಅಂಗಿಯ ಮೇಲೆ ತಮ್ಮ ಹೆಸರು ಕಾಣಲೆಂದು ವಿದೇಶೀ ಕಂಪನಿಗಳು ಹಣ ತೆರುವುದು ಆ ತಂಡ ಗೆಲ್ಲುವ ಬಲದಿಂದ. ಆದ್ದರಿಂದ ಈ ಪಾಲನ್ನು ಅನ್ಯಾಯವೆನ್ನಲು ನನಗೆ ಮನಸ್ಸಿಲ್ಲ.

ಸಂಬಳ ಇಳಿಸುವುದೂ ಹೇಳಿದಷ್ಟು ಸುಲಭವಲ್ಲ. ಫ್ರಾನ್ಸಿನ ಮತ್ತು ಜಪಾನಿನ ಕ್ಲಬ್‌ಗಳು ಕೊಡುವ ಮೊತ್ತಕ್ಕೆ ನ್ಯೂಜಿಲೆಂಡ್ ಸರಿಗಟ್ಟಲಾರದು. ದೇಶದೊಳಗೆ ಒಪ್ಪಂದವಿರುವವರನ್ನು ಮಾತ್ರ ಆಲ್ ಬ್ಲ್ಯಾಕ್ಸ್‌ಗೆ ಆರಿಸುವ ಕಟ್ಟುಪಾಡು ಒಂದಷ್ಟು ಜನರನ್ನು ಹಿಡಿದಿಟ್ಟುಕೊಂಡಿದೆ. ಹಾಗಿದ್ದರೂ ಬೋಡೆನ್ ಬ್ಯಾರೆಟ್, ಆರ್ಡಿ ಸವೇಯ ಅಂಥ ಆಲ್ ಬ್ಲ್ಯಾಕ್ಸ್ ಆಟಗಾರರಿಗೆ ಒಂದು ಋತು ಜಪಾನಿನಲ್ಲಿ ಆಡಿ ಬರಲು ಮಂಡಳಿಯೇ ಅನುಮತಿ ಕೊಡಬೇಕಾಯಿತು. ಮೇಲಾಗಿ ಈ ದುಡಿಮೆ ಹತ್ತು ಹನ್ನೆರಡು ವರ್ಷಗಳದ್ದು, ಅದೂ ಮೈ ಕೈ ನೆಟ್ಟಗಿದ್ದರೆ. 2003ರ ವಿಶ್ವಕಪ್ ಗೆದ್ದ ಇಂಗ್ಲೆಂಡ್ ತಂಡದ ಸ್ಟೀವ್ ಥಾಂಪ್ಸನ್ ತಮಗೆ ಆ ಗೆಲುವೇ ನೆನಪಿಲ್ಲವೆಂದು ಬಹಿರಂಗವಾಗಿ ಹೇಳಿದ್ದಾರೆ. ನಡುವಯಸ್ಸಿಗೇ ಅವರಿಗೆ ಮರೆವಿನ ಕಾಯಿಲೆ ತಗುಲಿದೆ. ತಲೆಗೆ ಬೀಳುವ ಪೆಟ್ಟಿನ ಬೆಲೆ ಆಟ ಬಿಟ್ಟ ಮೇಲೆ ತೆರಬೇಕಾಗುವ ಈ ಕ್ರೀಡೆಯಲ್ಲಿ ದುಡಿಯುವ ಕಾಲದ ಸಂಬಳವನ್ನು ದುರಾಸೆಯೆನ್ನಲಾಗದು.

ಹಾಗಾದರೆ ತೊಡಕು ಎಲ್ಲಿದೆ? ಆಟಗಾರರಿಗಿರುವಂತೆ ಆದಾಯದ ಜೊತೆಗೇ ಕಟ್ಟಿಹಾಕಿದ ಪಾಲು ಊರ ಕ್ಲಬ್‌ಗಳಿಗಿಲ್ಲ. ಮಂಡಳಿಯು 26 ಪ್ರಾಂತೀಯ ಯೂನಿಯನ್‌ಗಳಿಗೆ, ಎಂದರೆ ಆಯಾ ಪ್ರಾಂತ್ಯದ ರಗ್ಬಿ ಸಂಸ್ಥೆಗಳಿಗೆ, ಅನುದಾನ ಕೊಡುತ್ತದೆ, ಯೂನಿಯನ್‌ಗಳು ತಮ್ಮ ಖರ್ಚು ಕಳೆದು ಕ್ಲಬ್‌ಗಳ ಕಡೆ ನೋಡುತ್ತವೆ. ಸಂಬಳಕ್ಕೂ ತಳಮಟ್ಟದ ಆಟಕ್ಕೂ ನಿಜವಾದ ಜಗಳ ನಡೆಯುವುದು ಈ ನಡುವಿನ ಮೆಟ್ಟಿಲಲ್ಲಿ. ಪ್ರಾಂತೀಯ ತಂಡ ಊರಿನ ಹೆಮ್ಮೆ, ಅದು ಗೆಲ್ಲಬೇಕೆಂಬ ಒತ್ತಡ ದೊಡ್ಡದು. ಆದರೆ ಆಲ್ ಬ್ಲ್ಯಾಕ್ಸ್‌ನಂತೆ ಅದು ತನ್ನ ಖರ್ಚನ್ನು ತಾನೇ ದುಡಿಯುವುದಿಲ್ಲ. ಅದರ ಆಟಗಾರರಿಗೆ, ತರಬೇತುದಾರರಿಗೆ, ಪ್ರಯಾಣಕ್ಕೆ ಹೋಗುವ ಹಣ, ಶಾಲೆಗಳಿಗೆ ಹೋಗಿ ಮಕ್ಕಳಿಗೆ ಚೆಂಡು ಹಿಡಿಯುವುದನ್ನು ಕಲಿಸುವ ಸಿಬ್ಬಂದಿಯ ವೇತನ ಬರುವ ಚೀಲದಿಂದಲೇ ಹೋಗಬೇಕು. 2012ರಲ್ಲಿ ಒಟಾಗೊ ಯೂನಿಯನ್ ಸಾಲದಲ್ಲಿ ಮುಳುಗಿ ಮುಚ್ಚುವ ಹಂತಕ್ಕೆ ಬಂದಿತ್ತು. ಅಲ್ಲಿನ ಡ್ಯುನೀಡಿನ್ ನಗರಸಭೆ ತನಗೆ ಬರಬೇಕಿದ್ದ ಬಾಕಿಯನ್ನು ಬಿಟ್ಟುಕೊಟ್ಟ ಮೇಲೆ ಅದು ಉಳಿಯಿತು.

ನಿಮ್ಮ ಕ್ಲಬ್ಬಿನ ಲೆಕ್ಕದ ಪುಸ್ತಕವನ್ನು ಒಮ್ಮೆ ಕೇಳಿ ನೋಡಿ. ಸಂಜೆಯ ಅಭ್ಯಾಸಕ್ಕೆ ಉರಿಯುವ ದೀಪಗಳ ಬಿಲ್ಲು, ಮೈದಾನಕ್ಕೆ ಗೆರೆ ಹಾಕುವ ಬಣ್ಣ, ಗೋಲು ಕಂಬಕ್ಕೆ ಸುತ್ತುವ ಮೆತ್ತೆ, ಹರಿದ ಅಂಗಿಗಳ ಬದಲು ಹೊಸವು, ಪ್ರಥಮ ಚಿಕಿತ್ಸೆಯ ಪೆಟ್ಟಿಗೆ. ವರಮಾನದ ಪುಟದಲ್ಲಿ ಸದಸ್ಯರ ಶುಲ್ಕ, ಕ್ಲಬ್ಬಿನ ಬಾರಿನ ವ್ಯಾಪಾರ, ಶನಿವಾರ ಪಂದ್ಯ ಮುಗಿದ ಮೇಲೆ ಮಾಂಸದ ತಟ್ಟೆಯನ್ನು ಬಹುಮಾನವಾಗಿಟ್ಟು ಮಾರುವ ರಾಫಲ್ ಚೀಟಿ, ಮತ್ತು ಜೂಜಿನ ಯಂತ್ರಗಳ ಗಳಿಕೆಯನ್ನು ಸಮುದಾಯಕ್ಕೆ ಹಂಚುವ ಟ್ರಸ್ಟ್‌ಗಳ ಅನುದಾನ. ಈ ಕೊನೆಯದು ನನಗೆ ತುಂಬ ನೋವು ಕೊಡುತ್ತದೆ. ಆ ಯಂತ್ರಗಳು ಬಡವರು ವಾಸಿಸುವ ಬಡಾವಣೆಗಳಲ್ಲೇ ಹೆಚ್ಚಾಗಿವೆ. ಜಗತ್ತಿನ ಅತಿ ಪ್ರಸಿದ್ಧ ರಗ್ಬಿ ತಂಡವಿರುವ ದೇಶದಲ್ಲಿ ಮಕ್ಕಳ ಅಂಗಿಗೆ ಬಡವರು ಜೂಜಿನಲ್ಲಿ ಕಳೆದುಕೊಂಡ ಹಣ ಬೇಕಾಗಿದೆ ಎಂದರೆ ಹಂಚಿಕೆಯಲ್ಲಿ ದೊಡ್ಡ ದೋಷವಿದೆ.

ಹಣ ಒಳಗೆ ಬಂದ ಮಾತ್ರಕ್ಕೆ ಅದು ಕೆಳಗೆ ಇಳಿಯುವುದಿಲ್ಲ ಎನ್ನುವುದಕ್ಕೆ ಸಿಲ್ವರ್ ಲೇಕ್ ಪ್ರಕರಣವನ್ನು ನೋಡಿ. ಅಮೆರಿಕದ ಈ ಹೂಡಿಕೆ ಸಂಸ್ಥೆಗೆ ಆಟದ ವಾಣಿಜ್ಯ ಆದಾಯದಲ್ಲಿ ಪಾಲು ಮಾರುವ ಪ್ರಸ್ತಾವಕ್ಕೆ 2021ರಲ್ಲಿ ಪ್ರಾಂತೀಯ ಯೂನಿಯನ್‌ಗಳು ಒಮ್ಮತದಿಂದ ಒಪ್ಪಿದವು. ಅಡ್ಡ ನಿಂತದ್ದು ಆಟಗಾರರ ಸಂಘ. ಪರಿಷ್ಕೃತ ರೂಪದಲ್ಲಿ 2022ರಲ್ಲಿ ಒಪ್ಪಂದವಾಗಿ 20 ಕೋಟಿ ನ್ಯೂಜಿಲೆಂಡ್ ಡಾಲರ್ ಬಂತು. 2024ರಲ್ಲಿ ಮಂಡಳಿಯ ಆದಾಯ ದಾಖಲೆಯ 28.5 ಕೋಟಿ ಡಾಲರ್ ಮುಟ್ಟಿತು, ಆದರೂ ವರ್ಷದ ಕೊನೆಗೆ 1.95 ಕೋಟಿ ಡಾಲರ್ ನಷ್ಟ. ಆದ್ದರಿಂದ ಮುಂದಿನ ಸಭೆಯಲ್ಲಿ ಸಂಬಳ ಇಳಿಸಿ ಎಂದು ಕೇಳುವುದಕ್ಕಿಂತ, ಆದಾಯದ ಶೇಕಡಾ ಇಷ್ಟು ಕ್ಲಬ್ ಆಟಕ್ಕೆಂದು ಆಟಗಾರರ ಪಾಲಿನಷ್ಟೇ ಗಟ್ಟಿಯಾಗಿ ಬರೆದುಕೊಡಿ ಎಂದು ಯೂನಿಯನ್ ಮೂಲಕ ಕೇಳಿ. ಅದಕ್ಕೆ ಆಟಗಾರರ ಸಂಘದ ಬೆಂಬಲವನ್ನೂ ಕೇಳಿ. ಅವರೆಲ್ಲರೂ ಇಂಥ ಯಾವುದೋ ಕ್ಲಬ್ಬಿನ ಅಂಗಿ ತೊಟ್ಟೇ ಮೇಲೆ ಬಂದವರು.

ಪ್ರಶ್ನೆ: ಇಂಗ್ಲೆಂಡಿನಲ್ಲಿ ದೊಡ್ಡ ದೊಡ್ಡ ರಗ್ಬಿ ಕ್ಲಬ್‌ಗಳೇ ದಿವಾಳಿಯಾದವಲ್ಲ, ಅದಕ್ಕೆ ಆಟಗಾರರ ಸಂಬಳವೇ ಕಾರಣವೇ?
(ಮೈಸೂರಿನ ಓದುಗರು)

ಉತ್ತರ: ಬಹುಮಟ್ಟಿಗೆ ಹೌದು, ಆದರೆ ಆ ಸಂಬಳವನ್ನು ನಿಗದಿ ಮಾಡಿದವರು ಮಾಲೀಕರು. ಆ ದೇಶದಲ್ಲಿ ಹಣದ ಜಗಳ ಹಳೆಯದು. ಶನಿವಾರ ಆಡಲು ಹೋಗಿ ಗಣಿ ಮತ್ತು ಗಿರಣಿಯ ಕೂಲಿ ಕಳೆದುಕೊಂಡವರಿಗೆ ಅಷ್ಟನ್ನಾದರೂ ತುಂಬಿಕೊಡಬೇಕೆಂದು ಉತ್ತರದ ಕ್ಲಬ್‌ಗಳು ಕೇಳಿದಾಗ ಒಪ್ಪಿಗೆ ಸಿಗದೆ, 1895ರ ಆಗಸ್ಟ್‌ನಲ್ಲಿ ಹಡರ್ಸ್‌ಫೀಲ್ಡ್‌ನಲ್ಲಿ ಅವು ಬೇರೆಯಾದವು. ರಗ್ಬಿ ಲೀಗ್ ಎಂಬ ಬೇರೆ ಆಟ ಹುಟ್ಟಿದ್ದು ಹಾಗೆ. ರಗ್ಬಿ ಯೂನಿಯನ್ ಎಂದು ಉಳಿದ ಮೂಲ ಆಟ, ಎಂದರೆ ನಾವಿಲ್ಲಿ ಮಾತಾಡುತ್ತಿರುವ ರಗ್ಬಿ, ಬಹಿರಂಗವಾಗಿ ಸಂಬಳ ಒಪ್ಪಿಕೊಂಡದ್ದು ಸರಿಯಾಗಿ ನೂರು ವರ್ಷಗಳ ಮೇಲೆ, 1995ರ ಆಗಸ್ಟ್‌ನಲ್ಲಿ. ಆಮೇಲೆ ಶ್ರೀಮಂತರು ಕ್ಲಬ್‌ಗಳನ್ನು ಕೊಂಡು ಗಳಿಕೆಗಿಂತ ಹೆಚ್ಚು ಖರ್ಚು ಮಾಡಿ, ವರ್ಷವರ್ಷವೂ ನಷ್ಟವನ್ನು ಕೈಯಿಂದ ತುಂಬುವುದು ರೂಢಿಯಾಯಿತು. ಕೈ ಬಿಗಿಯಾದ ದಿನ ವೂಸ್ಟರ್ ಮತ್ತು ವಾಸ್ಪ್ಸ್ 2022ರಲ್ಲಿ, ಲಂಡನ್ ಐರಿಷ್ 2023ರಲ್ಲಿ ಬಿದ್ದವು. ಆಟಗಾರರೂ ಕಚೇರಿಯ ಸಿಬ್ಬಂದಿಯೂ ಒಟ್ಟಿಗೇ ಕೆಲಸ ಕಳೆದುಕೊಂಡರು. ತಂಡವೊಂದಕ್ಕೆ 64 ಲಕ್ಷ ಪೌಂಡ್ ಇದ್ದ ಸಂಬಳದ ಮಿತಿಯನ್ನು ಕೊರೊನಾದ ನಂತರ 50 ಲಕ್ಷಕ್ಕೆ ಇಳಿಸಿದ್ದರು, 2024ರ ಋತುವಿನಿಂದ ಮತ್ತೆ 64 ಲಕ್ಷಕ್ಕೆ ಏರಿಸಿದ್ದಾರೆ. ಇಷ್ಟೆಲ್ಲ ಕಂಡ ಮೇಲೂ ಮಿತಿ ಏರಿಸಿದ್ದು ನನಗೆ ಸರಿಕಾಣದು.

ತಳಮಟ್ಟದ ಕ್ಲಬ್‌ಗಳು ಅಲ್ಲಿ ಸಿಡಿದೆದ್ದದ್ದು ಮಾತ್ರ ಆಟಗಾರರ ಮೇಲಲ್ಲ. 2023–24ರಲ್ಲಿ ಇಂಗ್ಲೆಂಡ್ ರಗ್ಬಿ ಮಂಡಳಿಗೆ 3.79 ಕೋಟಿ ಪೌಂಡ್ ಕಾರ್ಯಾಚರಣೆ ನಷ್ಟವಾಗಿ 42 ಹುದ್ದೆಗಳನ್ನು ಕಡಿತಗೊಳಿಸಿದ ಹೊತ್ತಿನಲ್ಲೇ, ಮುಖ್ಯ ಕಾರ್ಯನಿರ್ವಾಹಕ ಬಿಲ್ ಸ್ವೀನಿ ಅವರಿಗೆ 3.58 ಲಕ್ಷ ಪೌಂಡ್ ಬೋನಸ್ ಸೇರಿ ಸುಮಾರು 11 ಲಕ್ಷ ಪೌಂಡ್ ಸಂದದ್ದು ಹೊರಬಿತ್ತು. ವಿಶ್ವಕಪ್ ವರ್ಷದಲ್ಲಿ ನಷ್ಟ ಸಹಜವೆಂದು ಮಂಡಳಿ ಹೇಳಿತಾದರೂ ಅಧ್ಯಕ್ಷ ಟಾಮ್ ಇಲ್ಯೂಬ್ 2024ರ ಡಿಸೆಂಬರ್‌ನಲ್ಲಿ ರಾಜೀನಾಮೆ ಕೊಟ್ಟರು. ಆ ಮಂಡಳಿಗೆ ಊರ ಕ್ಲಬ್‌ಗಳೇ ಸದಸ್ಯರು, ಅವುಗಳಿಗೆ ಮತವಿದೆ; 2025ರ ಮಾರ್ಚ್‌ನಲ್ಲಿ ಅವು ವಿಶೇಷ ಮಹಾಸಭೆ ಕರೆಸಿ ಸ್ವೀನಿ ಅವರ ಮೇಲೆ ಅವಿಶ್ವಾಸ ಮಂಡಿಸಿದವು. ಪ್ರಸ್ತಾವ ಸೋತಿತು. ಆದರೂ ಮಂಡಳಿಯ ದೊಡ್ಡವರು ಊರ ಕ್ಲಬ್‌ಗಳ ಮುಂದೆ ನಿಂತು ಲೆಕ್ಕ ಒಪ್ಪಿಸಬೇಕಾಯಿತು. ಅದು ಸಣ್ಣ ಸಂಗತಿಯಲ್ಲ.

ಪ್ರಶ್ನೆ: ನಮ್ಮಲ್ಲೂ ರಗ್ಬಿ ಪ್ರೀಮಿಯರ್ ಲೀಗ್ ಬಂದಿದೆ, ಬೆಂಗಳೂರಿಗೂ ತಂಡವಿದೆ. ಇದರಿಂದ ಇಲ್ಲಿನ ಮಕ್ಕಳಿಗೆ ಉಪಯೋಗವಾದೀತೇ?
(ಬೆಂಗಳೂರಿನ ಓದುಗರು)

ಉತ್ತರ: 2025ರ ಜೂನ್‌ನಲ್ಲಿ ಮುಂಬೈಯಲ್ಲಿ ಆರು ಫ್ರಾಂಚೈಸಿಗಳೊಡನೆ ಮೊದಲ ಆವೃತ್ತಿ ನಡೆಯಿತು, ಬೆಂಗಳೂರು ಬ್ರೇವ್‌ಹಾರ್ಟ್ಸ್ ಅವುಗಳಲ್ಲೊಂದು. ಏಳು ಜನರ ಈ ಆಟದಲ್ಲಿ ಹೊರದೇಶದ ನುರಿತವರ ಪಕ್ಕದಲ್ಲಿ ನಮ್ಮ ಹುಡುಗರು ಆಡಿದ್ದು, ಅದಕ್ಕೆ ಹಣ ಪಡೆದದ್ದು ಒಳ್ಳೆಯದೇ. ಭಾರತದಲ್ಲಿ ರಗ್ಬಿ ಬೆಳೆದದ್ದು ಒಡಿಶಾ, ಬಿಹಾರದಂಥ ರಾಜ್ಯಗಳ ಬಡ ಮನೆಗಳ ಮಕ್ಕಳಿಂದ. ಅವರಿಗೆ ಈ ಸಂಬಳ ಮನೆಯನ್ನೇ ಎತ್ತಿ ನಿಲ್ಲಿಸಬಲ್ಲದು. ಆದರೆ ಲೀಗ್ ಒಂದೆರಡು ವಾರಗಳದ್ದು, ಅಭ್ಯಾಸಕ್ಕೆ ಮೈದಾನ ಬೇಕಾಗುವುದು ವರ್ಷವಿಡೀ. ಫ್ರಾಂಚೈಸಿಗಳ ಒಪ್ಪಂದಗಳು ಇನ್ನೂ ಹೊಸದಾಗಿರುವಾಗಲೇ ಆದಾಯದ ನಿಗದಿತ ಪಾಲೊಂದನ್ನು ರಾಜ್ಯ ಸಂಸ್ಥೆಗಳ ಶಾಲಾ ತರಬೇತಿಗೆಂದು ಬರೆಸಿಕೊಳ್ಳಬೇಕು. ಎಲ್ಲರ ಪಾಲೂ ಹಂಚಿಹೋದ ಮೇಲೆ ಹೊಸದೊಂದು ಪಾಲು ಕೇಳುವುದು ಎಷ್ಟು ಕಷ್ಟವೆಂದು ಆಕ್ಲೆಂಡ್‌ನ ಪೋಷಕರು ಈಗ ಅನುಭವಿಸುತ್ತಿದ್ದಾರೆ.