ಮಾಸ್ಟ್ರು ಬೇಡ ಎಂದದ್ದು ಯಾವುದನ್ನು?

(ಗುರುತು ಸಿಗದ ಹಾಗೆ ಕೆಲವು ವಿವರ ಬದಲಿಸಿದ್ದೇನೆ.)

ಕೇರಳದ ಕಾಸರಗೋಡು ಜಿಲ್ಲೆಯ ಬದಿಯಡ್ಕದ ಆಚೆ, ಅಡಿಕೆ ತೋಟದ ನಡುವೆ ಮನೆ. ಮಾಸ್ಟ್ರಿಗೆ 79. ಕನ್ನಡ ಶಾಲೆಯಲ್ಲಿ ಪಾಠ ಮಾಡಿ ನಿವೃತ್ತರಾದವರು. ನನ್ನ ಹತ್ತಿರ ಕರೆದುಕೊಂಡು ಬಂದದ್ದು ಮಗಳು. "ಅಪ್ಪನಿಗೆ ಸ್ವಲ್ಪ ಬುದ್ಧಿ ಹೇಳಿ. ಡಾಕ್ಟ್ರು ಹೇಳಿದ್ದಕ್ಕೆ ಒಪ್ಪುವುದಿಲ್ಲ. ಬರೀ ಹಟ."

ಶುರುವಾದದ್ದು ಎರಡು ವರ್ಷದ ಹಿಂದೆ. ತಿಂದ ದೋಸೆ ಎದೆಯಲ್ಲೇ ನಿಂತ ಹಾಗೆ. ತುತ್ತಿಗೊಂದು ಗುಟುಕು ನೀರು ಬೇಕು. ಆಮೇಲೆ ನೀರೂ ನಿಲ್ಲತೊಡಗಿತು. ರಾತ್ರಿ ಕೆಮ್ಮು, ಬೆಳಿಗ್ಗೆ ದಿಂಬು ಒದ್ದೆ. ಒಂದು ವರ್ಷ ಗ್ಯಾಸ್ಟ್ರಿಕ್ ಮಾತ್ರೆ ನುಂಗಿದ್ದೇ ಬಂತು. ಮದುವೆ, ತಿಥಿ ಯಾವ ಊಟಕ್ಕೂ ಹೋಗುವುದಿಲ್ಲ. ಪಂಕ್ತಿಗೆ ಪಾಯಸ ಬಂದರೂ ಇವರ ಎಲೆಯಲ್ಲಿ ಸಾರು ಅನ್ನವೇ ಮುಗಿದಿರುವುದಿಲ್ಲ, ಪಕ್ಕದವರು ನೋಡುತ್ತಾರೆ. 9 ಕಿಲೋ ಇಳಿದ ಮೇಲೆ ಮಂಗಳೂರಿಗೆ ಹೋದರು. ಎಂಡೋಸ್ಕೋಪಿ, ಬೇರಿಯಂ ಎಕ್ಸ್‌ರೇ, ಅನ್ನನಾಳದ ಒತ್ತಡ ಅಳೆಯುವ ಮ್ಯಾನೊಮೆಟ್ರಿ ಎಲ್ಲ ಆಯಿತು. ಕ್ಯಾನ್ಸರ್ ಅಲ್ಲ, ಅಕಲೇಶಿಯಾ. ಅನ್ನನಾಳ ತುತ್ತನ್ನು ಕೆಳಗೆ ತಳ್ಳುವುದಿಲ್ಲ, ಹೊಟ್ಟೆಯ ಬಾಯಿಯ ಬಿಗಿ ಸ್ನಾಯು ಸಡಿಲವಾಗುವುದಿಲ್ಲ.

ಎಂಡೋಸ್ಕೋಪಿಯಲ್ಲೇ ಚಿಕಿತ್ಸೆ ಮಾಡಬಹುದು ಎಂದರು ಡಾಕ್ಟ್ರು. ಅಲ್ಲಿಂದ ಮಾಸ್ಟ್ರದ್ದು ಒಂದೇ ಮಾತು: "ಬೇಡ."

ನಾನೂ ತಪ್ಪು ಮಾಡಿದೆ. ಇಪ್ಪತ್ತು ನಿಮಿಷ ಮಗಳ ಹತ್ತಿರವೇ ಮಾತಾಡಿದೆ. ಬೆಂಗಳೂರಿನ ಮಗ ಫೋನಿನಲ್ಲಿ ಸೇರಿಕೊಂಡರು. ಮಾಸ್ಟ್ರು ಕಿಟಕಿ ನೋಡುತ್ತ ಕೂತಿದ್ದರು. ಕೊನೆಗೆ ಎಲ್ಲರನ್ನೂ ಹೊರಗೆ ಕಳಿಸಿ ಕೇಳಿದೆ, "ಮಾಸ್ಟ್ರೇ, ಬೇಡ ಅಂದದ್ದು ಯಾವುದನ್ನು?"

"ಟ್ಯೂಬು."

ಅವರ ಅಣ್ಣನಿಗೆ ಪಾರ್ಶ್ವವಾಯು ಆಗಿತ್ತು. ಮೂಗಿನಲ್ಲಿ ಟ್ಯೂಬು. ಕಿತ್ತುಹಾಕುತ್ತಾರೆಂದು ಕೈ ಕಟ್ಟಿದ್ದರು. ಆಮೇಲೆ "ಎಂಡೋಸ್ಕೋಪಿ ಮಾಡಿ ಹೊಟ್ಟೆಗೇ ಟ್ಯೂಬು ಹಾಕುವ" ಎಂದರಂತೆ. ಅಂದಿನಿಂದ ಮಾಸ್ಟ್ರಿಗೆ ಎಂಡೋಸ್ಕೋಪಿ ಚಿಕಿತ್ಸೆ ಎಂದರೆ ಅದೇ. ಮನೆಗೆ ಬಂದ ಆರೋಗ್ಯದ ಕಾಗದವೆಲ್ಲ ಮಲಯಾಳದಲ್ಲಿ, ಆಸ್ಪತ್ರೆಯ ಒಪ್ಪಿಗೆ ಪತ್ರ ಇಂಗ್ಲಿಷಿನಲ್ಲಿ. ಜೀವನವಿಡೀ ಕನ್ನಡ ಓದಿಸಿದವರಿಗೆ ತಮ್ಮ ಕಾಯಿಲೆಯ ಒಂದು ಸಾಲೂ ಕನ್ನಡದಲ್ಲಿ ಸಿಕ್ಕಿರಲಿಲ್ಲ.

ನಾನು ಬಿಳಿ ಹಾಳೆ ತೆಗೆದು ಅನ್ನನಾಳದ ಚಿತ್ರ ಬರೆದೆ. ಚಿತ್ರ ಕೆಟ್ಟದಾಗಿತ್ತು, ಅವರೇ ತಿದ್ದಿದರು. ಅಣ್ಣನ ತೊಂದರೆ ಗಂಟಲಿನದು, ಮಿದುಳಿನಿಂದ ಬಂದದ್ದು, ಅದನ್ನು ಎಂಡೋಸ್ಕೋಪಿ ಸರಿಮಾಡುವುದಿಲ್ಲ. ನಿಮ್ಮದು ಕೆಳಗಿನ ಬಾಗಿಲಿನದು. ಇದಕ್ಕೆ ಎಂಡೋಸ್ಕೋಪಿಯಲ್ಲಿ ಮೂರು ದಾರಿ. ಬಿಗಿ ಸ್ನಾಯುವಿಗೆ ಕೊಡುವ ಬೋಟಾಕ್ಸ್ ಇಂಜೆಕ್ಷನ್ ಸುಲಭ, ಆದರೆ ಸಾಮಾನ್ಯವಾಗಿ ಆರು ತಿಂಗಳಿಂದ ವರ್ಷದೊಳಗೆ ಅದರ ಗುಣ ಇಳಿಯುತ್ತದೆ. ಬೇರೇನೂ ತಡೆಯಲಾರದಷ್ಟು ನಿತ್ರಾಣ ಇದ್ದವರಿಗೆ ಅದು. ಇನ್ನೊಂದು ಬಲೂನು. 30 ಮಿ.ಮೀ. ಅಗಲಕ್ಕೆ ಉಬ್ಬಿಸಿ ಬಿಗಿ ಸಡಿಲಿಸುತ್ತಾರೆ, ಬೇಕಾದರೆ ಮುಂದೆ 35. ಅನ್ನನಾಳ ಹರಿಯುವ ಅಪಾಯ ಸಣ್ಣದು, ಆದರೆ ಉಂಟು. ಮೂರನೆಯದು ಪೋಯಮ್. ಜಪಾನಿನ ಡಾ. ಹರುಹಿರೊ ಇನೋವೆ 2008ರಲ್ಲಿ ಶುರುಮಾಡಿದ್ದು. ಪೂರ್ತಿ ಅನಸ್ತೇಶಿಯಾ ಕೊಟ್ಟು, ಬಾಯಿಯ ಮೂಲಕವೇ ಹೋಗಿ ಒಳಗಿನ ಸ್ನಾಯು ಕತ್ತರಿಸುತ್ತಾರೆ. ಆಮೇಲೆ ಹುಳಿತೇಗು ಜಾಸ್ತಿ ಆಗಬಹುದು. ಪ್ರಾಯ ಎಷ್ಟು ಎನ್ನುವುದಕ್ಕಿಂತ ಹೃದಯ, ಶ್ವಾಸಕೋಶ ಹೇಗಿದೆ ಎನ್ನುವುದು ಮುಖ್ಯ.

ಮನೆಯವರಿಗೆ ಹೇಳಿದ್ದು ಬೇರೆ. ಮುಂದಿನ ಸಲ ಡಾಕ್ಟ್ರ ಎದುರಿನ ಕುರ್ಚಿಯಲ್ಲಿ ಮಾಸ್ಟ್ರೇ ಕೂರಲಿ, ನೀವು ಹಿಂದೆ. ರಕ್ತ ತೆಳು ಮಾಡುವ ಮಾತ್ರೆ ಇದ್ದರೆ ಮೊದಲೇ ತಿಳಿಸಿ, ನೀವಾಗಿ ನಿಲ್ಲಿಸಬೇಡಿ. ಅನ್ನನಾಳದಲ್ಲಿ ಹಳೆಯ ಊಟ ನಿಂತಿರುತ್ತದೆ. ಹಾಗಾಗಿ ಎಷ್ಟು ದಿನ ಬರೀ ದ್ರವಾಹಾರ, ಎಷ್ಟು ಹೊತ್ತು ಉಪವಾಸ ಎಂದು ಕೇಳಿ ಬರೆದುಕೊಳ್ಳಿ. ಚಿಕಿತ್ಸೆಯ ನಂತರ ಎದೆನೋವು ಜೋರಾದರೆ, ಜ್ವರ, ಉಸಿರುಕಟ್ಟುವುದು, ಕುತ್ತಿಗೆ ಊದಿಕೊಳ್ಳುವುದು ಕಂಡರೆ ಬೆಳಗಾಗಲಿ ಎಂದು ಕಾಯಬೇಡಿ. ಮಂಗಳೂರಿಗೆ ಗಡಿ ದಾಟಿ ಹೋಗಬೇಕಲ್ಲ, ರಾತ್ರಿ ವಾಹನ ಯಾರದ್ದು ಎಂದು ಇವತ್ತೇ ಮಾತಾಡಿಡಿ. ಊಟ ಆದ ಕೂಡಲೇ ಮಲಗಿಸಬೇಡಿ, ಮಂಚದ ತಲೆಯ ಕಡೆ ಎತ್ತರಿಸಿ.

ಟ್ಯೂಬಿನ ಭಯ ಮಾತಿನಿಂದ ಹೋಗುವಂಥದ್ದಲ್ಲ. ಹಾಗಾಗಿ ಲಿವಿಂಗ್ ವಿಲ್ ಬಗ್ಗೆ, ಅಂದರೆ ಮುಂದೆ ಹೇಳಲಾಗದ ಸ್ಥಿತಿ ಬಂದರೆ ಯಾವ ಚಿಕಿತ್ಸೆ ಬೇಡ ಎಂದು ಮೊದಲೇ ಬರೆದಿಡುವ ಪತ್ರದ ಬಗ್ಗೆ ತಿಳಿಸಿದೆ. ಸುಪ್ರೀಂ ಕೋರ್ಟ್ 2018ರಲ್ಲೇ ಒಪ್ಪಿದೆ, 2023ರಲ್ಲಿ ಕ್ರಮ ಸುಲಭ ಮಾಡಿದೆ. ಇಬ್ಬರು ಸಾಕ್ಷಿಗಳ ಜೊತೆಗೆ ನೋಟರಿ ಅಥವಾ ಗೆಜೆಟೆಡ್ ಅಧಿಕಾರಿಯ ಸಹಿ ಸಾಕು. "ಗೆಜೆಟೆಡ್ ಆದವರು ನನ್ನ ಶಿಷ್ಯರಲ್ಲೇ ಮೂವರಿದ್ದಾರೆ" ಎಂದರು. ಅವತ್ತು ನಕ್ಕದ್ದು ಅದೊಂದೇ ಸಲ.

ಮಗನಿಗೆ ಪೋಯಮ್ ಮೇಲೆ ಮನಸ್ಸಿತ್ತು. ಮಾಸ್ಟ್ರು ಬಲೂನು ಆರಿಸಿಕೊಂಡರು, ಡಾಕ್ಟ್ರೂ ಒಪ್ಪಿದರು. ಎರಡು ತಿಂಗಳ ನಂತರ ಫೋನು ಮಾಡಿದೆ. 3 ಕಿಲೋ ಏರಿದೆ. ಕುಚ್ಚಲಕ್ಕಿ ಗಂಜಿ ಸಲೀಸಾಗಿ ಇಳಿಯುತ್ತದೆ, ದೋಸೆ ಆಗಾಗ ನಿಲ್ಲುತ್ತದೆ. ಹೆಂಡತಿ ಇನ್ನೂ ಹೆದರಿ ಗಂಜಿಯನ್ನು ಕಿವುಚಿ ನೀರು ಮಾಡಿಯೇ ಬಡಿಸುತ್ತಾರಂತೆ. "ಅವಳಿಗೂ ಒಂದು ಚಿತ್ರ ಬರೆದು ತೋರಿಸಿ" ಎಂದರು ಮಾಸ್ಟ್ರು.