ಮಗಳ ಮೂಗಿನ ಸರ್ಜರಿಗೆ ಓಪನ್ ವಿಧಾನ ಒಳ್ಳೆಯದೋ, ಕ್ಲೋಸ್ಡ್ ಒಳ್ಳೆಯದೋ?

ಇಪ್ಪತ್ಮೂರು ವರ್ಷದ ಮಗಳ ಮೂಗಿನ ಮೇಲಿನ ಉಬ್ಬು ತೆಗೆಸಿ ತುದಿಯನ್ನು ಸಣ್ಣದು ಮಾಡಿಸಬೇಕೆಂದಿದ್ದೀರಿ, ಮದುವೆಗೆ ಐದು ತಿಂಗಳಿದೆ, ಒಬ್ಬ ವೈದ್ಯರು ಓಪನ್ ಎಂದೂ ಇನ್ನೊಬ್ಬರು ಕ್ಲೋಸ್ಡ್ ಎಂದೂ ಹೇಳಿದ್ದರಿಂದ ಯಾವುದು ಸರಿ ಎಂದು ಮಂಡ್ಯದಿಂದ ಕೇಳಿದ್ದೀರಿ. ಮೈಸೂರಿನಲ್ಲಿ ಪ್ಲಾಸ್ಟಿಕ್ ಸರ್ಜನ್ ಆಗಿರುವ ನಾನು ಮೂಗನ್ನು ಮುಟ್ಟಿ ನೋಡದೆ ಎರಡರಲ್ಲಿ ಒಂದನ್ನು ಹೆಸರಿಸಲಾರೆ. ಆ ಆಯ್ಕೆ ಯಾವುದನ್ನು ಅವಲಂಬಿಸಿದೆ ಎಂಬುದನ್ನು ಮಾತ್ರ ಹೇಳಬಲ್ಲೆ.

ಕ್ಲೋಸ್ಡ್ ವಿಧಾನದಲ್ಲಿ ಎಲ್ಲ ಕೊಯ್ತಗಳೂ ಹೊಳ್ಳೆಗಳ ಒಳಗೇ ಇರುತ್ತವೆ. ಓಪನ್‌ನಲ್ಲಿ ಎರಡು ಹೊಳ್ಳೆಗಳ ನಡುವಿನ ಭಾಗದಲ್ಲಿ ಇನ್ನೊಂದು ಸಣ್ಣ ಕೊಯ್ತ ಹಾಕಿ, ಚರ್ಮವನ್ನು ಮೇಲೆತ್ತಿ, ಮೃದ್ವಸ್ಥಿಯನ್ನು (ಕಾರ್ಟಿಲೇಜ್) ನೇರವಾಗಿ ನೋಡುತ್ತಾ ಕೆಲಸ ಮಾಡುತ್ತೇವೆ. ಬರೀ ಉಬ್ಬು ತಗ್ಗಿಸುವುದಾದರೆ ಸಾಮಾನ್ಯವಾಗಿ ಕ್ಲೋಸ್ಡ್ ಸಾಕು. ತುದಿಯನ್ನು ತಿದ್ದುವುದಿದ್ದರೆ, ಮೂಗು ಸೊಟ್ಟಗಿದ್ದರೆ ಅಥವಾ ಹಿಂದೆ ಆಪರೇಷನ್ ಆಗಿದ್ದರೆ ನಾನು ಓಪನ್ ಕಡೆಗೇ ವಾಲುತ್ತೇನೆ. ಕ್ಲೋಸ್ಡ್‌ನಲ್ಲಿ ಕೈ ಪಳಗಿದವರು ತುದಿಯನ್ನೂ ಚೆನ್ನಾಗಿಯೇ ತಿದ್ದುತ್ತಾರೆ, ಆದ್ದರಿಂದ ನೀವು ಕಂಡ ಇಬ್ಬರೂ ಸರಿ ಇರಬಹುದು.

ನಾನು ಮೊದಲು ನೋಡುವುದು ಚರ್ಮವನ್ನು. ತುದಿಯನ್ನು ಎರಡು ಬೆರಳುಗಳ ನಡುವೆ ಹಿಡಿದರೆ ದಪ್ಪ ತಿಳಿಯುತ್ತದೆ, ಒತ್ತಿ ಬಿಟ್ಟರೆ ಒಳಗಿನ ಆಧಾರ ಎಷ್ಟು ಗಟ್ಟಿ ಎಂಬುದು ತಿಳಿಯುತ್ತದೆ. ನಮ್ಮ ಕಡೆ ಅನೇಕರಿಗೆ ತುದಿಯ ಚರ್ಮ ದಪ್ಪ. ಒಳಗೆ ಮೃದ್ವಸ್ಥಿಯನ್ನು ಎಷ್ಟು ಕತ್ತರಿಸಿದರೂ ಕಂಬಳಿ ಹೊದಿಸಿದ ಹಾಗೆ ಹೊರಗೆ ಏನೂ ಕಾಣುವುದಿಲ್ಲ, ಮೇಲಾಗಿ ಆಧಾರ ಕುಸಿಯುವ ಅಪಾಯವಿದೆ. ಅಂಥವರಿಗೆ ಕತ್ತರಿಸುವುದಕ್ಕಿಂತ ಮೂಗಿನ ನಡುಗೋಡೆಯಿಂದ ಮೃದ್ವಸ್ಥಿಯ ತುಂಡೊಂದನ್ನು ತೆಗೆದು ತುದಿಗೆ ಊರುಗೋಲು ಕೊಡುವುದು ಮೇಲು. ತೆಳು ಚರ್ಮದವರಲ್ಲಿ ಸಣ್ಣ ಏರುಪೇರೂ ಎದ್ದು ಕಾಣುತ್ತದೆ.

ಅನಂತರ ಉಸಿರಾಟ. ಕೆನ್ನೆಯನ್ನು ಮೂಗಿನ ಪಕ್ಕದಿಂದ ಹೊರಕ್ಕೆ ಎಳೆದು ಹಿಡಿದಾಗ ಉಸಿರು ಸರಾಗವಾದರೆ ಒಳಗಿನ ಕವಾಟ, ಅಂದರೆ ನಡುಗೋಡೆಗೂ ಪಕ್ಕದ ಮೃದ್ವಸ್ಥಿಗೂ ನಡುವೆ ಗಾಳಿ ಹಾಯುವ ಸಂದು, ಇಕ್ಕಟ್ಟಾಗಿರುವ ಸಂಭವವಿದೆ. ಆ ಕವಾಟದ ಕೋನ ಸಾಮಾನ್ಯವಾಗಿ 10ರಿಂದ 15 ಡಿಗ್ರಿ ಮಾತ್ರ. ಉಬ್ಬು ತೆಗೆದಾಗ ಅದು ಇನ್ನೂ ಕಿರಿದಾಗಬಹುದಾದ್ದರಿಂದ ಇಕ್ಕೆಲಗಳಲ್ಲಿ ಮೃದ್ವಸ್ಥಿಯ ಪಟ್ಟಿ ಇರಿಸಬೇಕಾದೀತು. ಇದನ್ನು ನೋಡದೆ ಫೋಟೋ ಮೇಲೆ ಗೆರೆ ಎಳೆದು ತೋರಿಸುವುದು ನನಗೆ ಒಪ್ಪಿಗೆಯಿಲ್ಲ.

ರಕ್ತಪರೀಕ್ಷೆ, ಇಸಿಜಿಗಳನ್ನು ಅರಿವಳಿಕೆ ವೈದ್ಯರು ಹೇಳಿದಂತೆ ಮಾಡಿಸಿ. ಹಲ್ಲು ಕೀಳಿಸಿದಾಗ ರಕ್ತ ನಿಲ್ಲಲು ತಡವಾಗಿತ್ತೇ, ಕಿವಿ ಚುಚ್ಚಿಸಿದ ಜಾಗದಲ್ಲಿ ಗಂಟು ಬೆಳೆದಿದೆಯೇ ಎಂಬುದನ್ನು ತಪ್ಪದೆ ತಿಳಿಸಿ.

ಐದು ತಿಂಗಳಲ್ಲಿ ಕಣ್ಣಸುತ್ತಲಿನ ಕಪ್ಪು ಹೋಗಿ ಬಾವು ಬಹಳಷ್ಟು ಇಳಿದಿರುತ್ತದೆ. ಆದರೆ ತುದಿ ಕೊನೆಯ ಆಕಾರಕ್ಕೆ ಬರಲು ಒಂದು ವರ್ಷ, ದಪ್ಪ ಚರ್ಮವಾದರೆ ಇನ್ನೂ ಹೆಚ್ಚು ಬೇಕು. ಮೂಗುತಿಯನ್ನು ಆಪರೇಷನ್‌ಗೆ ಮೊದಲು ತೆಗೆಯಲೇಬೇಕು. ಧಾರೆಯ ದಿನ ಅದು ಬೇಕೇ ಬೇಕೆನ್ನುವ ಮನೆಯಾದರೆ ಮುಂಚೆಯೇ ಹೇಳಿ.

ಇನ್ನೊಂದು ಮಾತು: ಮುಂದಿನ ಸಲ ಹೋದಾಗ ನೀವು ಸ್ವಲ್ಪ ಹೊತ್ತು ಹೊರಗೆ ಕುಳಿತು, ಮಗಳು ಒಬ್ಬಳೇ ವೈದ್ಯರೊಂದಿಗೆ ಮಾತನಾಡಲು ಬಿಡಿ. ಈ ಆಪರೇಷನ್ ಅವಳಿಗೆ ಬೇಕೋ, ಗಂಡಿನ ಕಡೆಯವರಿಗೆ ಬೇಕೋ ಎಂಬುದು ವೈದ್ಯರಿಗೆ ಅವಳ ಬಾಯಿಂದಲೇ ತಿಳಿಯಬೇಕು.