ವರ್ಚುವಲ್ ತಂಡದಲ್ಲಿ ಯಾರೂ ಒಬ್ಬರಿಗೊಬ್ಬರು ಸಹಾಯ ಮಾಡಲ್ಲ, ಯಾವ ಟೂಲ್ ತರಲಿ?

ಗ್ರೂಪ್‌ನಲ್ಲಿ ಏನು ಕೇಳಿದರೂ ಯಾರೂ ತುಟಿ ಪಿಟಕ್ಕೆನ್ನುವುದಿಲ್ಲ ಅಂದಿರಿ. ಐದು ವರ್ಷದ ಹಿಂದೆ ನಾನೂ ಹೀಗೇ ಗೊಣಗುತ್ತಿದ್ದೆ. 'ಈ ಹುಡುಗರಿಗೆ ನಮ್ಮ ತಂಡ ಅನ್ನೋದೇ ಇಲ್ಲ' ಅಂತ.

ಆಗ ನಾನು ಆನ್‌ಲೈನ್‌ನಲ್ಲೇ ಸಾಫ್ಟ್‌ವೇರ್ ಬರೆಯುವ ಆರು ಜನರಿಗೆ ಟೀಮ್ ಲೀಡ್. ಒಬ್ಬರ ಮುಖವನ್ನೂ ಎದುರಾಬದುರು ನೋಡಿರಲಿಲ್ಲ. ಒಂದು ಸಂಜೆ ಹೊಸದಾಗಿ ಸೇರಿದ್ದ ಹುಡುಗಿ ಗ್ರೂಪ್‌ನಲ್ಲಿ ಕೇಳಿದಳು: 'ಆರ್ಡರ್‌ಗಳ ಸಮಯವನ್ನು ಯಾವ ದೇಶದ ಗಡಿಯಾರದ ಲೆಕ್ಕದಲ್ಲಿ ದಾಖಲಿಸಬೇಕು?' ನಾನು ಬರೆದೆ: 'ಇಂಥ ಸಣ್ಣಪುಟ್ಟದಕ್ಕೆ ಎಲ್ಲರ ತಲೆ ತಿನ್ನಬೇಡಿ, ನನಗೇ ಮೆಸೇಜ್ ಮಾಡಿ.' ಜೊತೆಗೊಂದು ನಗುವ ಇಮೋಜಿ.

ಆ ಸಾಲೇ ನನ್ನ ತಪ್ಪು. ಬಿಡಿಸಿ ಹೇಳುತ್ತೇನೆ. ನಾನು ಬರೆದಿದ್ದು ಅವಳಿಗೆ, ಓದಿದ್ದು ಆರೂ ಜನ. ಆಫೀಸಿನಲ್ಲಾಗಿದ್ದರೆ ನಾನು ಹೀಗಂದ ಮೇಲೂ ಪಕ್ಕದವನು ಕುರ್ಚಿ ತಿರುಗಿಸಿ ಮೆಲ್ಲಗೆ ಹೇಳಿಕೊಡುತ್ತಿದ್ದ. ಆನ್‌ಲೈನ್‌ನಲ್ಲಿ ಪಕ್ಕದವನೇ ಇಲ್ಲ. ಲೀಡ್ ಬರೆದ ಒಂದು ಸಾಲೇ ಕಾನೂನು. ಮಾರನೇ ದಿನದಿಂದ ಎಲ್ಲರೂ ಪರ್ಸನಲ್‌ಗೆ ಬಂದರು. ಸುಳ್ಳು ಯಾಕೆ, ನನಗೂ ಒಳಗೊಳಗೇ ಖುಷಿ. ಎಲ್ಲದಕ್ಕೂ ನಾನೇ ಬೇಕು ಅಲ್ವಾ! ಗ್ರೂಪ್‌ನಲ್ಲಿ ಉಳಿದಿದ್ದು ಗುಡ್ ಮಾರ್ನಿಂಗ್, ಹೆಬ್ಬೆರಳು.

ಮೂರು ತಿಂಗಳಾದ ಮೇಲೆ ಗ್ರಾಹಕರ ಕಡೆಯಿಂದ ಫೋನ್. ನಮ್ಮ ರಿಪೋರ್ಟ್ ಪ್ರಕಾರ ಕೆಲವು ಆರ್ಡರ್‌ಗಳು ಬುಕ್ ಆಗುವ ಮೊದಲೇ ಡೆಲಿವರಿ ಆಗಿದ್ದವು. ಹುಡುಕಿದರೆ, ಡೆಲಿವರಿ ಭಾಗ ಬರೆದ ಆ ಹುಡುಗಿ ಯುಟಿಸಿ ಸಮಯ (ಎಲ್ಲ ದೇಶಕ್ಕೂ ಒಂದೇ ಆದ, ನಮ್ಮ ಗಡಿಯಾರಕ್ಕಿಂತ ಐದೂವರೆ ಗಂಟೆ ಹಿಂದಿರುವ ಲೆಕ್ಕ) ಇಟ್ಟಿದ್ದಳು, ಬುಕಿಂಗ್ ಬರೆದವನು ಲೋಕಲ್ ಟೈಮ್. 'ಯಾರು ಹೇಳಿದ್ದು ನಿಮಗೆ?' ಅಂತ ಕಾಲ್‌ನಲ್ಲೇ ರೇಗಿದೆ. ಇಬ್ಬರೂ ಸುಮ್ಮನಿದ್ದರು. ಆಮೇಲೆ ಒಂದೊಂದು ಸ್ಕ್ರೀನ್‌ಶಾಟ್ ಕಳಿಸಿದರು, ಅದೂ ಪರ್ಸನಲ್‌ಗೇ. ಎರಡರಲ್ಲೂ ಉತ್ತರ ಕೊಟ್ಟವನು ನಾನೇ, ಒಬ್ಬರಿಗೊಂದು ಥರ. ಹತ್ತು ದಿನದ ಅಂತರ, ಅಷ್ಟೇ. ಇಬ್ಬರಲ್ಲಿ ಒಬ್ಬರು ಗ್ರೂಪ್‌ನಲ್ಲಿ ಕೇಳಿದ್ದರೂ ಇನ್ನೊಬ್ಬರ ಕಣ್ಣಿಗೆ ಬೀಳುತ್ತಿತ್ತು. ಸರಿಮಾಡಲು ಎರಡು ವಾರ ಹೋಯಿತು. ಆ ಗ್ರಾಹಕರು ಮತ್ತೆ ಕೆಲಸ ಕೊಡಲಿಲ್ಲ. ಹುಡುಗಿಯೂ ಬಿಟ್ಟುಹೋದಳು.

ಕ್ಯಾಥರೀನ್ ಕ್ರ್ಯಾಮ್ಟನ್ ಎಂಬ ಸಂಶೋಧಕಿ ದೂರದೂರ ಕೂತು ಕೆಲಸ ಮಾಡಿದ 13 ತಂಡಗಳ ಬಗ್ಗೆ 2001ರಲ್ಲಿ ಬರೆದಿದ್ದನ್ನು ಆಮೇಲೆ ಓದಿದೆ. ಯಾರಿಗೆ ಯಾವ ಮಾಹಿತಿ ಮುಟ್ಟಿಲ್ಲ ಅನ್ನೋದು ಕಾಣದಿದ್ದಾಗ ಜನ ಎದುರಿನವರ ಸ್ವಭಾವವನ್ನೇ ದೂರುತ್ತಾರಂತೆ. 'ಈ ಹುಡುಗರಿಗೆ' ಅಂತ ನಾನು ಗೊಣಗಿದ್ದು ನೆನಪಾಗಿ ಮುಖ ಬಿಸಿಯಾಯಿತು.

ಹಾಗಾಗಿ ಆಫೀಸ್ ಚಾಟ್ ಆ್ಯಪ್‌ಗಳಲ್ಲಿ ಸ್ಲ್ಯಾಕ್ ಒಳ್ಳೇದಾ, ಟೀಮ್ಸ್ ಒಳ್ಳೇದಾ ಅನ್ನೋದನ್ನ ಬಿಡಿ. ವಾರಕ್ಕೊಂದು ಆಟದ ಕಾಲ್ ಕೂಡ ಬೇಡ. ಸಮಸ್ಯೆ ಟೂಲ್‌ನಲ್ಲಿಲ್ಲ, ಬಹುಶಃ ನಿಮ್ಮಲ್ಲಿದೆ. ನಿಮ್ಮ ಪರ್ಸನಲ್ ಮೆಸೇಜ್ ತೆರೆದು, ಹೋದ ತಿಂಗಳು ಎಷ್ಟು ಪ್ರಶ್ನೆಗೆ ಅಲ್ಲೇ ಉತ್ತರ ಕೊಟ್ಟಿದ್ದೀರಿ ಎಣಿಸಿ. ಸಂಬಳ, ರಜೆ, ಬೈಗುಳ ಮಾತ್ರ ಅಲ್ಲಿರಲಿ. ಉಳಿದದ್ದೆಲ್ಲ ಗ್ರೂಪ್‌ಗೆ. ನಿಮಗೆ ಗೊತ್ತಿಲ್ಲದ್ದನ್ನೂ ಅಲ್ಲೇ ಕೇಳಿ. ಬೇರೆಯವರು ಕೇಳಿದಾಗ ಉತ್ತರ ಗೊತ್ತಿದ್ದರೂ ಅರ್ಧ ಗಂಟೆ ಕೈಕಟ್ಟಿ ಕೂರಿ. ಇದೇ ಜಾಸ್ತಿ ಕಷ್ಟ.

ಮುಂದಿನ ತಂಡದಲ್ಲಿ ಹೀಗೆ ಮಾಡಿದಾಗ ಎರಡು ವಾರ ಯಾರೂ ಬಾಯಿಬಿಡಲಿಲ್ಲ. ಮೂರನೇ ವಾರ ಒಬ್ಬ ಉತ್ತರ ಹಾಕಿದ. 'ಅದು ಹಳೇದು, ಈಗ ಹೀಗೆ' ಅಂತ ಇನ್ನೊಬ್ಬಳು ತಿದ್ದಿದಳು. ನಾನು ಅರ್ಧ ಟೈಪ್ ಮಾಡಿದ್ದನ್ನು ಅಳಿಸಿ ಲ್ಯಾಪ್‌ಟಾಪ್ ಮುಚ್ಚಿದೆ.